ಹುಳಕ್ಕೆ ಪ್ರವಾಹ ಬೇರೆ, ಹೂಳು ಬೇರೆ

ಮಲೆನಾಡಿನ ಹಳ್ಳಗಳಲ್ಲಿ ಕಲ್ಲೆತ್ತಿ ಹುಳ ಎಣಿಸುವುದು ನನ್ನ ವೃತ್ತಿ. ತೋಟಕ್ಕೆ ರಸ್ತೆ ಮಾಡಿಸುವವರು, ರೆಸಾರ್ಟ್ ಕಟ್ಟಿಸುವವರು, ಕೆಲವೊಮ್ಮೆ ಎಂಜಿನಿಯರುಗಳೂ ನನಗೆ ಒಂದೇ ಮಾತು ಹೇಳುತ್ತಾರೆ: ಆಷಾಢದಲ್ಲಿ ಬಂಡೆಗಳನ್ನೇ ಉರುಳಿಸುವ ಹಳ್ಳವಿದು, ಅದನ್ನು ತಡೆದುಕೊಂಡ ಹುಳಗಳಿಗೆ ನಾಲ್ಕು ದಿನದ ಜೆಸಿಬಿ ಕೆಲಸ ಯಾವ ಲೆಕ್ಕ? ಇದನ್ನು ಕೇಳಿದಾಗಲೆಲ್ಲ ನನ್ನ ತಾಳ್ಮೆ ತಪ್ಪುತ್ತದೆ, ಏಕೆಂದರೆ ಮಾತಿನ ಮೊದಲರ್ಧ ಪೂರ್ತಿ ನಿಜ.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲೂ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಕೀಟಗಳ ಮರಿಗಳು ಹಳ್ಳದ ತಳದಲ್ಲಿ ಬದುಕುತ್ತವೆ. ನೀರು ಏರಿದಾಗ ಅವು ಕಲ್ಲುಗಳ ಸಂದಿಗೆ, ಜಲ್ಲಿಯ ಒಳಪದರಕ್ಕೆ ಇಳಿದು ಅಡಗುತ್ತವೆ. ಎಷ್ಟೋ ಕೊಚ್ಚಿಹೋಗುತ್ತವೆ, ಆದರೆ ಸಂದಿಯಲ್ಲಿ ಉಳಿದವು, ಮೇಲಿನಿಂದ ತೇಲಿಬಂದವು, ರೆಕ್ಕೆ ಮೂಡಿ ಹಾರಿಬಂದ ತಾಯಂದಿರ ಮೊಟ್ಟೆಗಳು ಎಲ್ಲ ಸೇರಿ ಖಾಲಿಯಾದ ಜಾಗವನ್ನು ಮತ್ತೆ ತುಂಬುತ್ತವೆ. ಜೆಸಿಬಿ ಸಡಿಲಿಸಿದ ಮಣ್ಣು ಮುಚ್ಚುವುದು ಈ ಸಂದಿಗಳನ್ನೇ. ಆಷಾಢದ ನೀರು ತಳವನ್ನು ತೊಳೆಯುತ್ತದೆ. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆಗೆ ಗುಡ್ಡದ ಕೆಮ್ಮಣ್ಣನ್ನು ಹಳ್ಳಕ್ಕಿಳಿಸುವಷ್ಟು ಬಲವಿರುತ್ತದೆ, ಅದನ್ನು ಮುಂದಕ್ಕೆ ಸಾಗಿಸುವಷ್ಟು ಬಲ ಸಣ್ಣಗೆ ಹರಿಯುವ ಹಳ್ಳಕ್ಕೆ ಇರುವುದಿಲ್ಲ. ಆ ಮಣ್ಣು ಮೇಫ್ಲೈ ಮರಿಯ ಕಿವಿರಿಗೆ ಮೆತ್ತುತ್ತದೆ, ಕ್ಯಾಡಿಸ್ ಹುಳ ನೇಯ್ದ ಬಲೆಯ ಕಣ್ಣುಗಳನ್ನು ಮುಚ್ಚಿಬಿಡುತ್ತದೆ, ಕಲ್ಲಿನ ಮೇಲಿನ ಪಾಚಿಯನ್ನು ಹೂತುಬಿಡುತ್ತದೆ. ಮುಂದಿನ ಪ್ರವಾಹ ಬಂದಾಗ ಅಡಗಲು ಜಾಗವೇ ಇರುವುದಿಲ್ಲ.

ಮೂಡಿಗೆರೆಯ ಕಡೆ ಹಿರಿಯ ಬೆಳೆಗಾರರೊಬ್ಬರು, ನೀರು ತಿಳಿಯಾಗಿಯೇ ಇದೆಯಲ್ಲ ಎಂದು ನನ್ನೊಡನೆ ವಾದಿಸಿದರು. ನೀರು ನಿಜಕ್ಕೂ ತಿಳಿಯಾಗಿತ್ತು. ಲಾರಿ ಹಳ್ಳ ದಾಟುತ್ತಿದ್ದ ಜಾಗಕ್ಕಿಂತ ಮೇಲೆ ಅವರಿಂದಲೇ ಒಂದು ಕಲ್ಲು ಎತ್ತಿಸಿದೆ. ಮೂರೆಳೆ ಬಾಲದ ಚಪ್ಪಟೆ ಮರಿಗಳು ಏಡಿಯಂತೆ ಅಡ್ಡಡ್ಡ ಓಡಿ ಇನ್ನೊಂದು ಮಗ್ಗುಲಿಗೆ ಮರೆಯಾದವು. ಆ ಜಾಗಕ್ಕಿಂತ ಕೆಳಗೆ ಎತ್ತಿಸಿದ ಕಲ್ಲು ಗದ್ದೆಯ ಕೆಸರಿನಿಂದ ಕಾಲು ಕಿತ್ತಂತೆ ಪಚಕ್ಕನೆ ಎದ್ದಿತು. ಅದರಡಿಯಲ್ಲಿ ಇದ್ದುದು ನಯವಾದ ಕೆಮ್ಮಣ್ಣು ಮತ್ತು ಕೆಸರನ್ನೂ ತಾಳಿಕೊಳ್ಳುವ ಎರಡು ಕೆಂಪು ಹುಳ. ಚಿಕ್ಕಂದಿನಲ್ಲಿ ಅದೇ ಹಳ್ಳದಲ್ಲಿ ಏಡಿ ಹಿಡಿದವರು ಅವರು. ಕಲ್ಲನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದರು.

ಒಂದು ಹಳ್ಳವನ್ನು ನೋಡಿ ಎಲ್ಲ ಹಳ್ಳಗಳ ಬಗ್ಗೆ ತೀರ್ಪು ಕೊಡಲಾಗದು. ಇಳಿಜಾರು, ಮಣ್ಣಿನ ಗುಣ, ಮೇಲ್ಭಾಗದಲ್ಲಿ ಉಳಿದ ಕಾಡು ಇವೆಲ್ಲವನ್ನೂ ನೋಡಬೇಕು. ಮೇಲೆ ಕಾಡಿದ್ದು, ಪಕ್ಕದ ತೊರೆಗಳು ಬಂದು ಸೇರುವಲ್ಲಿ ಹುಳಗಳು ಬೇಗ ಮರಳುವ ಸಾಧ್ಯತೆ ಹೆಚ್ಚು. ಗುಡ್ಡ ಕಡಿದ ದರೆ ಬೋಳಾಗಿಯೇ ಉಳಿದು ಪ್ರತಿ ಮಳೆಗೂ ಮಣ್ಣು ಇಳಿಯುತ್ತಿದ್ದರೆ ಎಷ್ಟು ವರ್ಷ ಹಿಡಿಯುತ್ತದೆಂದು ನಾನು ಹೇಳಲಾರೆ. ಅಗೆದ ಮಣ್ಣನ್ನು ಹಳ್ಳದ ದಂಡೆಯಲ್ಲಿ ಗುಡ್ಡೆ ಹಾಕಬೇಡಿ, ಮಳೆಗೆ ಮುಂಚೆ ದರೆಗೆ ಹುಲ್ಲು ಹಿಡಿಸಿ, ವಾಹನ ದಾಟುವಲ್ಲಿ ಮೊದಲೇ ಮೋರಿ ಕಟ್ಟಿಸಿ. ನನ್ನನ್ನು ಕರೆಯುವುದಾದರೆ ಕೆಲಸ ಶುರುವಾಗುವ ಮೊದಲೇ ಕರೆಯಿರಿ. ಮುಗಿದ ಮೇಲೆ ಬಂದರೆ ಹೋಲಿಸಿ ನೋಡಲು ನನ್ನ ಬಳಿ ಹಿಂದಿನ ಲೆಕ್ಕವೇ ಇರುವುದಿಲ್ಲ.