ಒಂದು ಕ್ವಾರ್ಟರ್ ಎಂದರೆ ಆರು: ಮದ್ಯಪಾನ ಪಾಠದ ಟಿಪ್ಪಣಿ

ಸಮುದಾಯ ಆರೋಗ್ಯ ಶುಶ್ರೂಷೆಯ ಪರೀಕ್ಷೆಗೆ ಓದುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಯಕೃತ್ತು, ಜಠರ, ಕ್ಯಾನ್ಸರ್ ಇವೆಲ್ಲ ಪಠ್ಯದಲ್ಲಿ ಚೆನ್ನಾಗಿಯೇ ಇವೆ, ಬೇಗ ಮುಗಿಸುತ್ತೇನೆ. ಧಾರವಾಡದ ಸುತ್ತಲಿನ ಹಳ್ಳಿಗಳಿಗೆ ಕ್ಷೇತ್ರಕಾರ್ಯಕ್ಕೆ ಹೋದಾಗ ನಮ್ಮನ್ನು ಕಾಡುವುದು ಲೆಕ್ಕ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ.

ಎಷ್ಟು ಕುಡಿದರು?

ಕುಡಿತದ ಅಪಾಯವನ್ನು ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ, ಒಟ್ಟು ಅಂಕ 40. ಅಂಕ 8 ಅಥವಾ ಹೆಚ್ಚಾದರೆ ಕುಡಿತ ಅಪಾಯದ ಮಟ್ಟಕ್ಕೆ ಬಂದಿದೆ ಎಂದು ಅರ್ಥ. 20 ಅಥವಾ ಹೆಚ್ಚಾದರೆ ಅವಲಂಬನೆ ಇದೆಯೇ ಎಂದು ವೈದ್ಯರು ತಪಾಸಣೆ ಮಾಡಬೇಕು. ಇಷ್ಟು ಸುಲಭ. ತೊಡಕಿರುವುದು ಎರಡನೆಯ ಪ್ರಶ್ನೆಯಲ್ಲಿ: ಕುಡಿಯುವ ದಿನ ಸಾಮಾನ್ಯವಾಗಿ ಎಷ್ಟು ಡ್ರಿಂಕ್?

"ಕಾಕಾ, ದಿನಕ್ಕೆ ಎಷ್ಟು ಆಗುತ್ತದೆ?" ಎಂದು ಕೇಳಿದರೆ "ಒಂದೇ ಕ್ವಾರ್ಟರ್, ಜಾಸ್ತಿ ಇಲ್ಲವ್ವ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೈಯಲ್ಲಿನ ಪೆನ್ನು ತಾನಾಗಿ 1 ಎಂದು ಬರೆಯುತ್ತದೆ. ಪ್ರಶ್ನಾವಳಿ ಕೇಳುವುದು ಬಾಟಲಿಗಳನ್ನಲ್ಲ, 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುವ ಡ್ರಿಂಕ್‌ಗಳನ್ನು.

ಕ್ವಾರ್ಟರ್ 180 ಮಿಲಿ. ವಿಸ್ಕಿ, ರಮ್, ಬ್ರಾಂದಿ ಯಾವುದೇ ಇರಲಿ, ಲೇಬಲ್ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. ಈ ಶೇಕಡಾ ಗಾತ್ರದ್ದು, ತೂಕದ್ದಲ್ಲ. 180ರಲ್ಲಿ ಶೇ. 42.8 ಎಂದರೆ 77 ಮಿಲಿ. ಇಲ್ಲಿಗೇ ನಿಲ್ಲಿಸಿ ಅದನ್ನು 77 ಗ್ರಾಂ ಎಂದುಕೊಳ್ಳಬಾರದು. ಆಲ್ಕೋಹಾಲ್ ನೀರಿಗಿಂತ ಹಗುರ, ಅದರ ಒಂದು ಮಿಲಿ ತೂಗುವುದು ಸುಮಾರು 0.79 ಗ್ರಾಂ ಮಾತ್ರ. 77 × 0.79 = 61 ಗ್ರಾಂ. ಹತ್ತರಿಂದ ಭಾಗಿಸಿದರೆ ಆರು ಡ್ರಿಂಕ್.

ಪ್ರತಿ ಸಲ ಇಷ್ಟು ಮಾಡಬೇಕಾಗಿಲ್ಲ. ಮಿಲಿಯನ್ನು ಶೇಕಡಾದಿಂದ ಗುಣಿಸಿ 1,250ರಿಂದ ಭಾಗಿಸಿದರೆ ನೇರವಾಗಿ ಡ್ರಿಂಕ್ ಬರುತ್ತದೆ. ಈ 1,250 ನನಗೆ ಬಹಳ ಪ್ರಿಯವಾದ ಸಂಖ್ಯೆ. ನೈಂಟಿ ಪ್ಯಾಕೆಟ್: 90 × 42.8 ÷ 1,250, ಮೂರು ಡ್ರಿಂಕ್. ಶೇ. 8ರ ಸ್ಟ್ರಾಂಗ್ ಬಿಯರ್ 650 ಮಿಲಿ: 5,200 ÷ 1,250, ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. "ನಾನು ಬರೀ ಬಿಯರ್" ಎನ್ನುವ ಹುಡುಗ ನೈಂಟಿ ಕುಡಿದವನಿಗಿಂತ ಮುಂದಿದ್ದಾನೆ. ವಿಸ್ಕಿ, ರಮ್‌ಗಳಿಗೆ ಇನ್ನೂ ಸುಲಭ: 30 ಮಿಲಿಗೆ ಒಂದು ಡ್ರಿಂಕ್. ನೀರು, ಸೋಡಾ ಎಷ್ಟು ಬೆರೆಸಿದರೂ ಗ್ರಾಂ ಬದಲಾಗುವುದಿಲ್ಲ.

ಈಗ ಅಂಕ ನೋಡಿ. ಕಾಕಾ ದಿನವೂ ಕುಡಿಯುತ್ತಾರೆ, ಮೊದಲ ಪ್ರಶ್ನೆಗೆ 4. ಎರಡನೆಯದಕ್ಕೆ "1" ಎಂದು ಬರೆದರೆ ಸೊನ್ನೆ. ಮೂರನೆಯದು, ಒಮ್ಮೆಗೇ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಸಲ ಎಂಬುದು, ಅಲ್ಲಿಯೂ ಸೊನ್ನೆ. ಮೊತ್ತ 4, ಕಾಕಾ ಆರೋಗ್ಯವಂತರು! ಸರಿಯಾಗಿ ಆರು ಎಂದು ಬರೆದರೆ 4, 2, 4, ಮೊತ್ತ 10. ಮೂರೇ ಪ್ರಶ್ನೆಗಳಲ್ಲಿ ಗೆರೆ ದಾಟಿಯಾಯಿತು. ಒಂದೇ ಸಲಕ್ಕೆ 60 ಗ್ರಾಂ ಮುಟ್ಟಿದರೆ ಅದನ್ನು ಅತಿಕುಡಿತ ಎಂದು ಸಂಸ್ಥೆ ಲೆಕ್ಕ ಹಿಡಿಯುತ್ತದೆ. ನಮ್ಮ ಕಡೆ "ಒಂದೇ" ಎನಿಸಿಕೊಳ್ಳುವ ಕ್ವಾರ್ಟರ್ ಅಲ್ಲಿಗೆ ತಲುಪಿದೆ.

ಬೆಳಿಗ್ಗೆ ಹೊತ್ತಿಗೆ ಅಮಲು ಇಳಿದಿರುತ್ತದೆಯೇ ಎಂಬ ಪ್ರಶ್ನೆಗೂ ಇದೇ 61 ಗ್ರಾಂ ಉತ್ತರ. ಯಕೃತ್ತು ಗಂಟೆಗೆ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಲಿಂಬೆರಸ, ತಣ್ಣೀರು ಸ್ನಾನ, ಕಾಫಿ ಯಾವುದೂ ಅದನ್ನು ಅವಸರಪಡಿಸುವುದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವರು ಬೆಳಿಗ್ಗೆ 6ಕ್ಕೆ ಹುಬ್ಬಳ್ಳಿ ಬೈಪಾಸ್‌ನಲ್ಲಿ ಬೈಕ್ ಓಡಿಸುವಾಗಲೂ, 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯನ್ನು ಮೀರಿರಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ.

ದೇಹದೊಳಗೆ

ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಅಸಿಟೇಟ್. ನಡುವಿನದೇ ವಿಷ, ಡಿಎನ್‌ಎಗೆ ಪೆಟ್ಟು ಕೊಡುವಂಥದ್ದು. ಮದ್ಯ ಕ್ಯಾನ್ಸರ್‌ಕಾರಕ ಎಂದು 1988ರಲ್ಲೇ ಘೋಷಣೆಯಾಗಿದೆ: ಆಗ ಬಾಯಿ, ಗಂಟಲು, ಅನ್ನನಾಳ, ಯಕೃತ್ತು; ದೊಡ್ಡ ಕರುಳು, ಸ್ತನ ಆಮೇಲೆ ಸೇರಿದವು. ಗುಟ್ಕಾವೂ ಜೊತೆಗಿದ್ದರೆ ಬಾಯಿ, ಗಂಟಲಿನ ಅಪಾಯ ಇನ್ನಷ್ಟು ಏರುತ್ತದೆ. ಯಕೃತ್ತಿನ ಕೊಬ್ಬು ಕುಡಿತ ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಆದರೆ ಸಿರೋಸಿಸ್, ಅಂದರೆ ಯಕೃತ್ತು ಕಲೆಗಟ್ಟಿ ಗಡುಸಾಗುವುದು, ಹಾಗೆ ವಾಸಿಯಾಗುವುದಿಲ್ಲ. ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಈ ಭಾಗಕ್ಕೆ ಇಷ್ಟು ಸಾಕು.

ಬಿಟ್ಟರೆ ಏಕೆ ಫಿಟ್ಸ್?

ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಆಲ್ಕೋಹಾಲ್‌ನ ಮಂಪರಿಗೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಶಾಂತಗೊಳಿಸುವ ಗಾಬಾ ದುರ್ಬಲ, ಕೆರಳಿಸುವ ಗ್ಲುಟಮೇಟ್ ಪ್ರಬಲ. ಒಮ್ಮೆಲೇ ಮದ್ಯ ನಿಂತರೆ ಕೆರಳಿಕೆಯೊಂದೇ ಉಳಿಯುತ್ತದೆ. ಮೊದಲ ದಿನ ಕೈನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಇಲ್ಲದ್ದು ಕಾಣುವ, ದಿಕ್ಕು ತಪ್ಪಿದ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. "ನಾಳೆಯಿಂದ ಬಂದ್" ಎಂದು ಆಣೆ ಹಾಕಿದವರನ್ನು ಮೆಚ್ಚುವ ಮೊದಲು, ಬೆಳಿಗ್ಗೆ ಕೈ ನಡುಗುತ್ತದೆಯೇ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ಕೇಳಿ. ಹೌದು ಎಂದರೆ ಧಾರವಾಡದ ಡಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲೇ ಬಿಡಿಸಬೇಕು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡಬೇಕು, ಪರೀಕ್ಷೆಯಲ್ಲಿ ಇದು ಬರದೇ ಇರುವುದಿಲ್ಲ.

ಮನೆ, ಸಂಘ, ಜೋಳಿಗೆ

ಸಾಮಾಜಿಕ ಹಾನಿ ಪ್ರತ್ಯೇಕ ಅಧ್ಯಾಯ ಎಂದು ಭಾವಿಸಬೇಡಿ, ಅದು ಆಡಿಟ್‌ನ ಕೊನೆಯ ಎರಡು ಪ್ರಶ್ನೆಗಳಲ್ಲಿದೆ: ಕುಡಿತದಿಂದ ಯಾರಿಗಾದರೂ ಗಾಯವಾಗಿದೆಯೇ, ಕಡಿಮೆ ಮಾಡಿ ಎಂದು ಮನೆಯವರೋ ವೈದ್ಯರೋ ಹೇಳಿದ್ದಾರೆಯೇ. ಕಳೆದ ಒಂದು ವರ್ಷದೊಳಗೆ ನಡೆದಿದ್ದರೆ ತಲಾ 4 ಅಂಕ. ಗಂಡನ ಎದುರು ಹೆಂಡತಿಯನ್ನು ಇದನ್ನು ಕೇಳಿದರೆ ಉತ್ತರ ಬರುವುದಿಲ್ಲ. ಸ್ವಸಹಾಯ ಸಂಘದ ಕಂತು ಏಕೆ ತಪ್ಪಿತು ಎಂದು ಬೇರೆಯಾಗಿ ವಿಚಾರಿಸಿದರೆ ಹೊಡೆತ, ಸಾಲ, ಮಗನ ಶಾಲೆ ಬಿಟ್ಟದ್ದು ಎಲ್ಲ ಒಂದೊಂದಾಗಿ ಹೊರಬರುತ್ತದೆ.

ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಂದು ನಿಂತಿತು, ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಬದಲಾಯಿತು. ದುಶ್ಚಟಗಳನ್ನು ಭಿಕ್ಷೆ ಬೇಡುತ್ತ ಊರೂರು ಜೋಳಿಗೆ ಹಿಡಿದು ತಿರುಗಿದ ಇಳಕಲ್‌ನ ಮಹಾಂತ ಸ್ವಾಮೀಜಿಯವರ ಜನ್ಮದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಸಹಾಯವಾಣಿ 14446 ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಕೊನೆಗೆ, ಹಳ್ಳಿಯಲ್ಲಿ ಖಂಡಿತ ಎದುರಾಗುವ ಮಾತು: "ಅವರಿಗೆ ಗೊತ್ತಾಗದಂತೆ ಚಹಾದಲ್ಲಿ ಹಾಕಲು ಒಂದು ಮಾತ್ರೆ ಕೊಡಿಸವ್ವ." ಆ ಮಾತ್ರೆ ಡೈಸಲ್ಫಿರಾಮ್. ಅದು ಅಸಿಟಾಲ್ಡಿಹೈಡ್ ಮುಂದೆ ಒಡೆಯದಂತೆ ತಡೆದು ವಿಷವನ್ನು ದೇಹದಲ್ಲೇ ಕೂಡಿಹಾಕುತ್ತದೆ. ತಿಳಿಯದೆ ಮೇಲೆ ಕುಡಿದವರಿಗೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಪರಿಣಾಮ ಎರಡು ವಾರದವರೆಗೆ ಉಳಿಯುತ್ತದೆ. ರೋಗಿ ಒಪ್ಪಿ, ವೈದ್ಯರು ಬರೆದುಕೊಟ್ಟರೆ ಮಾತ್ರ ಅದನ್ನು ಕೊಡಬೇಕು. ಹೆಸರಿಲ್ಲದ "ಕುಡಿತ ಬಿಡಿಸುವ ಪುಡಿ"ಗಳನ್ನಂತೂ ಮುಟ್ಟುವುದೇ ಬೇಡ ಎಂದು ಆ ಅಕ್ಕನಿಗೆ ಅಲ್ಲೇ ಹೇಳಿ.