ಜಂತಿನ ಗುಳಿಗೆಗೆ ಯೀಸ್ಟ್ ಬಗ್ಗೀತೇ?

ಕಾರಟಗಿ, ಸಿಂಧನೂರು ಕಡೆಯ ಗೊಬ್ಬರದ ಅಂಗಡಿಗಳಲ್ಲಿ ಕಾರ್ಬೆಂಡಜಿಮ್ ಪುಡಿ ಹೊಸದೇನಲ್ಲ. ಭತ್ತದ ಬೆಂಕಿ ರೋಗಕ್ಕೆ ಹೊಡೆಯುತ್ತಾರೆ, ಕಡಲೆ ಬೀಜಕ್ಕೆ ಹಚ್ಚಿ ಬಿತ್ತುತ್ತಾರೆ. ಅದು ಶಿಲೀಂಧ್ರನಾಶಕ. ಜಂತುಹುಳು ನಿವಾರಣಾ ದಿನದಂದು ಅದೇ ಊರಿನ ಶಾಲೆಯಲ್ಲಿ ಮಕ್ಕಳಿಗೆ ಜಗಿಸುವುದು 400 ಮಿಲಿಗ್ರಾಂ ಅಲ್ಬೆಂಡಜೋಲ್ ಗುಳಿಗೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇವೆರಡೂ ದಾಯಾದಿಗಳು. ಬೆಂಜಿಮಿಡಜೋಲ್ ಎಂಬ ಒಂದೇ ಮನೆತನದವು.

ಯೀಸ್ಟ್ ಕೂಡ ಒಂದು ಬಗೆಯ ಶಿಲೀಂಧ್ರ. ಹಾಗಾದರೆ ಹುಳದ ಗುಳಿಗೆ ನುಂಗಿದರೆ ಯೀಸ್ಟ್ ಸೋಂಕೂ ಹೋಗಬೇಕಲ್ಲ? ಔಷಧಿ ಅಂಗಡಿಯಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. "ಅಣ್ಣಾ, ಬಿಳಿ ಹೋಗಾಕತ್ತೈತಿ, ತುರಿಕಿನೂ ಐತಿ, ಒಂದು ಹುಳದ ಗುಳಿಗಿ ಕೊಡ್ರಿ" ಎಂದು ಮೆಲ್ಲಗೆ ಕೇಳುವವರಿದ್ದಾರೆ. ಕೊಟ್ಟು ಕಳಿಸುವವರೂ ಇದ್ದಾರೆ.

ಅದರಿಂದ ಕೆಲಸವಾಗುವುದಿಲ್ಲ. ಟ್ಯುಬುಲಿನ್ ಎಂಬ ಪ್ರೋಟೀನು ಒಂದಕ್ಕೊಂದು ಜೋಡಿಸಿಕೊಂಡು ಜೀವಕೋಶದೊಳಗೆ ಸಣ್ಣ ಕೊಳವೆಗಳನ್ನು ಕಟ್ಟುತ್ತದೆ. ಅಲ್ಬೆಂಡಜೋಲ್ ಜಂತುವಿನ ಟ್ಯುಬುಲಿನ್‌ಗೆ ಅಂಟಿಕೊಂಡು ಆ ಕೊಳವೆ ಕಟ್ಟದಂತೆ ಮಾಡುತ್ತದೆ. ಸಕ್ಕರೆ ಹೀರಲಾಗದೆ ಹುಳು ಸೊರಗಿ ಸಾಯುತ್ತದೆ. ಬೆಂಕಿ ರೋಗದ ಶಿಲೀಂಧ್ರಕ್ಕೆ ಕಾರ್ಬೆಂಡಜಿಮ್ ಮಾಡುವುದೂ ಇದನ್ನೇ. ಆದರೆ ಮನುಷ್ಯರ ಬಾಯಿ, ಜನನಾಂಗ, ಚರ್ಮದ ಮಡಿಕೆಗಳಲ್ಲಿ ಕಾಡುವ ಕ್ಯಾಂಡಿಡಾ ಎಂಬ ಯೀಸ್ಟು ಇದಕ್ಕೆ ಜಗ್ಗುವುದಿಲ್ಲ. ತಮಾಷೆಯೆಂದರೆ, ಮಿದುಳಿಗೇರುವ ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಯೀಸ್ಟು ಪ್ರಯೋಗಾಲಯದ ತಟ್ಟೆಯಲ್ಲಿ ಅಲ್ಬೆಂಡಜೋಲ್‌ಗೆ ಬಗ್ಗುತ್ತದೆ. (ಹೊಲದ ಪುಡಿಯನ್ನೇ ಮೈಗೆ ಹಚ್ಚಿ ನೋಡೋಣ ಅನ್ನಿಸಿದರೆ, ಬೇಡ್ರಿ. ಅದು ವಿಷ.)

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಐವರ್ಮೆಕ್ಟಿನ್ ಕಥೆ ಇನ್ನೂ ಚಿಕ್ಕದು. ಅದು ಹುಳುವಿನ ನರ, ಸ್ನಾಯುಗಳನ್ನು ಹಿಡಿದು ಲಕ್ವ ಹೊಡೆಸುತ್ತದೆ. ಒಂಟಿ ಕೋಶದ ಯೀಸ್ಟಿಗೆ ನರವೆಲ್ಲಿಂದ ಬರಬೇಕು?

ಗೊಂದಲ ಹೆಚ್ಚಿರುವುದು ಮೆಟ್ರೊನಿಡಜೋಲ್, ಸೆಕ್ನಿಡಜೋಲ್‌ಗಳಲ್ಲಿ. ಅಮೀಬಾ, ಟ್ರೈಕೊಮೊನಾಸ್‌ನಂಥ ಪರಾವಲಂಬಿಗಳಿಗೂ ಕೆಲವು ಬ್ಯಾಕ್ಟೀರಿಯಾಗಳಿಗೂ ಇವು ಮದ್ದು. ಆಮ್ಲಜನಕವಿಲ್ಲದೆ ಬದುಕುವ ಜೀವಿಗಳ ಒಳಗೆ ಹೊಕ್ಕಾಗ ಮಾತ್ರ ಇವುಗಳ ವಿಷ ಬಿಚ್ಚಿಕೊಳ್ಳುತ್ತದೆ. ಕ್ಯಾಂಡಿಡಾ ಆ ಜಾತಿಯದ್ದಲ್ಲ. ಈ ಗುಳಿಗೆ ನುಂಗಿದ ಮೇಲೆಯೇ ಯೀಸ್ಟ್ ಸೋಂಕು ಶುರುವಾಗುವುದೂ ಉಂಟು. ಹಾಗಿದ್ದರೂ ಇದರಿಂದಲೇ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಳಿ ಹೋಗುವುದಕ್ಕೆ ಕೊಡುವ ಹಸಿರು ಕಿಟ್‌ನಲ್ಲಿ 2 ಗ್ರಾಂ ಸೆಕ್ನಿಡಜೋಲ್ ಜೊತೆ 150 ಮಿಲಿಗ್ರಾಂ ಫ್ಲುಕೊನಜೋಲ್ ಎಂಬ ಶಿಲೀಂಧ್ರದ ಮದ್ದೂ ಇರುತ್ತದೆ. ಬರೀ ಲಕ್ಷಣ ನೋಡಿ ಸೋಂಕು ಯಾವುದೆಂದು ಹೇಳುವುದು ಕಷ್ಟ, ಅದಕ್ಕೆ ಎರಡನ್ನೂ ಕೊಡುತ್ತಾರೆ. ಯೀಸ್ಟನ್ನು ಓಡಿಸಿದ್ದು ಫ್ಲುಕೊನಜೋಲ್, ಹೆಸರು ಬಂದದ್ದು ಪಕ್ಕದ ಗುಳಿಗೆಗೆ!

ಹಾಗೆಂದು ಪರಾವಲಂಬಿ ಔಷಧಿಗೂ ಶಿಲೀಂಧ್ರಕ್ಕೂ ಸಂಬಂಧವೇ ಇಲ್ಲವೆಂದಲ್ಲ. ಶಿಲೀಂಧ್ರದ ಕೋಶದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬಿದೆ. ನಮ್ಮ ಕೋಶಗಳಲ್ಲಿ ಆ ಜಾಗದಲ್ಲಿರುವುದು ಕೊಲೆಸ್ಟೆರಾಲ್. ಫ್ಲುಕೊನಜೋಲ್, ಕ್ಲೋಟ್ರಿಮಜೋಲ್‌ಗಳು ಎರ್ಗೊಸ್ಟೆರಾಲ್ ತಯಾರಿಕೆಯನ್ನೇ ತಡೆಯುತ್ತವೆ, ಆಂಫೊಟೆರಿಸಿನ್ ಬಿ ಅದಕ್ಕೇ ಅಂಟಿಕೊಂಡು ಪೊರೆ ಕೆಡಿಸುತ್ತದೆ. ಬಿಹಾರದ ಕಾಲಾ ಅಜಾರ್ ರೋಗದ ಪರಾವಲಂಬಿ ಲೀಶ್ಮಾನಿಯಾದ ಪೊರೆಯಲ್ಲೂ ಇದೇ ಬಗೆಯ ಕೊಬ್ಬು. ಹಾಗಾಗಿ ಶಿಲೀಂಧ್ರಕ್ಕೆಂದು ಬಂದ ಆಂಫೊಟೆರಿಸಿನ್ ಬಿ ಅಲ್ಲಿ ಕಾಲಾ ಅಜಾರ್‌ಗೆ ಮುಖ್ಯ ಮದ್ದಾಗಿದೆ. ಉಲ್ಟಾ ದಾರಿಯಲ್ಲೂ ಕೆಲಸ ನಡೆದಿದೆ: ಕಾಲಾ ಅಜಾರ್‌ಗೆ ಬಳಸುವ ಮಿಲ್ಟೆಫೊಸಿನ್, ಲಾಡಿಹುಳುವಿನ ನಿಕ್ಲೋಸಮೈಡ್ ಎರಡೂ ಪ್ರಯೋಗಾಲಯದಲ್ಲಿ ಕ್ಯಾಂಡಿಡಾವನ್ನು ಹತ್ತಿಕ್ಕಿವೆ. ಈಗಿನ ಮದ್ದುಗಳಿಗೆ ಮಣಿಯದ, 2009ರಲ್ಲಿ ಜಪಾನಿನಿಂದ ವರದಿಯಾದ ಕ್ಯಾಂಡಿಡಾ ಆರಿಸ್‌ನಂಥವು ಬಂದ ಮೇಲೆ ಇಂಥ ಹುಡುಕಾಟಕ್ಕೆ ಅರ್ಥವಿದೆ. ಆದರೆ ತಟ್ಟೆಯಲ್ಲಿ ಗೆದ್ದ ಮದ್ದು ಮೈಯೊಳಗೆ ಗೆಲ್ಲಲು ಬಹಳ ದೂರ ಹೋಗಬೇಕು.

ನಮ್ಮ ಕಾಲುವೆ ಭಾಗದಲ್ಲಿ ಕ್ಯಾಂಡಿಡಾಕ್ಕೆ ಜಾಗ ಬೇಕಾದಷ್ಟಿದೆ. ದಿನವಿಡೀ ನೀರಲ್ಲಿ ಕೈಯಾಡಿಸಿ ನಾಟಿ ಮಾಡುವವರ ನಡುಬೆರಳು, ಉಂಗುರಬೆರಳಿನ ಸಂದಿ ನೋಡಿ: ಚರ್ಮ ನೆನೆದು ಬೆಳ್ಳಗಾಗಿ, ಸುಲಿದ ಕಡೆ ಕೆಂಪಗೆ ಉರಿಯುತ್ತಿರುತ್ತದೆ. ಅದಕ್ಕೆ ಕ್ಲೋಟ್ರಿಮಜೋಲ್ ಮುಲಾಮು ಸಾಕು, ಸಂದಿ ಒಣಗಿರಬೇಕು ಅಷ್ಟೆ. ಬಸುರಿಯರು ಮಾತ್ರ ಫ್ಲುಕೊನಜೋಲ್ ಆಗಲಿ, ಹುಳದ ಗುಳಿಗೆಯಾಗಲಿ ವೈದ್ಯರನ್ನು ಕೇಳದೆ ನುಂಗಬಾರದು. ಸೋಂಕು ಹೋದ ಹಾಗೆ ಮಾಡಿ ಮತ್ತೆ ಮತ್ತೆ ಬರುತ್ತಿದ್ದರೆ ಗುಳಿಗೆ ಬದಲಿಸುವ ಮೊದಲು ರಕ್ತದ ಶುಗರ್ ನೋಡಿಸಬೇಕು.