ಲೈಬ್ರರಿಯಲ್ಲಿ ಪ್ರೈವಸಿ ಕ್ಲಾಸು: ಡೌನ್‌ಲೋಡ್ಸ್ ಫೋಲ್ಡರ್‌ನಿಂದ ಶುರು ಮಾಡಿ

ಓದುಗರ ಪ್ರಶ್ನೆ: ನಾನು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಜನರಿಗೆ ಆನ್‌ಲೈನ್ ಪ್ರೈವಸಿ ಬಗ್ಗೆ ಹೇಳಿಕೊಡಿ ಅಂತ ಬಂದವರೆಲ್ಲ ಹೇಳುತ್ತಾರೆ. ಆದರೆ ನಾನು ಕಂಪ್ಯೂಟರ್ ಓದಿದವಳಲ್ಲ. ಇದು ನಿಜವಾಗಲೂ ಲೈಬ್ರರಿಯವರ ಕೆಲಸವಾ? ಹೌದಾದರೆ ಎಲ್ಲಿಂದ ಶುರು ಮಾಡಲಿ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಅದೇ ಸುಲಭ. ನಾಳೆ ಬಾಗಿಲು ತೆಗೆದ ಕೂಡಲೇ, ಪೇಪರ್ ಓದೋಕೆ ಹಿರಿಯರು ಬರುವ ಮುಂಚೆಯೇ, ಲೈಬ್ರರಿಯ ಕಂಪ್ಯೂಟರ್ ಆನ್ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ತೆರೆಯಿರಿ. ಅದನ್ನು ಯಾರೂ ಖಾಲಿ ಮಾಡಿಲ್ಲ ಅಂದರೆ ಅಲ್ಲಿ ಅರ್ಧ ಊರು ಕೂತಿರುತ್ತದೆ. ಒಬ್ಬರ ಆಧಾರ್, ಇನ್ನೊಬ್ಬರ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ, ಪಹಣಿ, ಹಾಲ್ ಟಿಕೆಟ್, 'ರೆಸ್ಯೂಮ್ ಫೈನಲ್ 3'. ಸ್ಕಾಲರ್‌ಶಿಪ್ ಅರ್ಜಿಯಾದರೆ ಬ್ಯಾಂಕ್ ಖಾತೆ ನಂಬರ್ ಸಮೇತ.

ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇರುತ್ತದಲ್ಲ ಅಂತೀರಾ? ಇರುತ್ತದೆ. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ. ಅಷ್ಟೇ. ಹೆಸರು ಊರಿಗೆಲ್ಲ ಗೊತ್ತು. ಹುಟ್ಟಿದ ವರ್ಷ ಎಲ್ಲಿ ಸಿಗುತ್ತದೆ? ಅದೇ ಫೋಲ್ಡರ್‌ನಲ್ಲಿ, ಎರಡು ಫೈಲ್ ಕೆಳಗಿರುವ ಮಾರ್ಕ್ಸ್ ಕಾರ್ಡಿನಲ್ಲಿ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅದೇ ಚೌಕಟ್ಟಿನ ಮೊಳೆಗೆ ನೇತು ಹಾಕಿದ ಹಾಗಾಯಿತು.

ನಿಮ್ಮ ಮೊದಲ ಪಾಠ ಇದೇ. ಹಾಗಂತ ಆ ಫೋಲ್ಡರನ್ನೇ ಎಲ್ಲರ ಮುಂದೆ ತೆರೆದು ತೋರಿಸಬೇಡಿ. ಮೊದಲು ಎಲ್ಲ ಅಳಿಸಿ. ಸುಮ್ನೆ ಡಿಲೀಟ್ ಒತ್ತಿದರೆ ಫೈಲು ರೀಸೈಕಲ್ ಬಿನ್‌ಗೆ ಹೋಗಿ ಕೂರುತ್ತದೆ. ಶಿಫ್ಟ್ ಕೀ ಹಿಡಿದು ಡಿಲೀಟ್ ಒತ್ತಿ, ಇಲ್ಲ ಬಿನ್ ಅನ್ನೂ ಖಾಲಿ ಮಾಡಿ. ಆಮೇಲೆ ಕ್ಲಾಸಿಗಾಗಿ ಸುಳ್ಳು ಹೆಸರಿನ ಒಂದೆರಡು ಫೈಲ್ ಮಾಡಿಟ್ಟುಕೊಂಡು ಅದರಲ್ಲಿ ಕಲಿಸಿ. ಡೌನ್‌ಲೋಡ್ ಮಾಡು, ಪ್ರಿಂಟ್ ತಗೊ, ಅಳಿಸು, ಲಾಗೌಟ್ ಆಗು, ಏಳು. ಇದನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಎರಡು ಸಲ ಮಾಡಲಿ. ನೀವು ಮಾಡಿ ತೋರಿಸಿದರೆ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ, ಕಲಿಯುವುದಿಲ್ಲ.

ಕಾಲೇಜು ಹುಡುಗರಲ್ಲಿ ಒಬ್ಬನಾದರೂ 'ನಾನು ಇನ್‌ಕಾಗ್ನಿಟೊದಲ್ಲೇ ಮಾಡೋದು, ಏನೂ ಉಳಿಯಲ್ಲ' ಅನ್ನುತ್ತಾನೆ. ಇನ್‌ಕಾಗ್ನಿಟೊ ಅಂದರೆ ಹಿಸ್ಟರಿ ಉಳಿಸಿಕೊಳ್ಳದ ಬ್ರೌಸರ್ ಕಿಟಕಿ. ಅವನನ್ನೇ ಮುಂದೆ ಕರೆಯಿರಿ. ಇನ್‌ಕಾಗ್ನಿಟೊದಲ್ಲಿ ಒಂದು ಫೈಲ್ ಇಳಿಸಿ ಕಿಟಕಿ ಮುಚ್ಚಲು ಹೇಳಿ. ಹಿಸ್ಟರಿ ಹೋಗಿರುತ್ತದೆ, ಫೈಲು ಅಲ್ಲೇ ಇರುತ್ತದೆ. ನೀವು ಹೋದ ವೆಬ್‌ಸೈಟಿಗೂ ಇಂಟರ್ನೆಟ್ ಕೊಡುವ ಕಂಪನಿಗೂ ನೀವು ಬಂದದ್ದು ಗೊತ್ತೇ ಇರುತ್ತದೆ ಅನ್ನೋದನ್ನೂ ಹೇಳಿ. ವಾಟ್ಸಾಪ್ ಅನ್ನು ಲೈಬ್ರರಿ ಕಂಪ್ಯೂಟರಿಗೆ ಜೋಡಿಸಿ ಮರೆತು ಹೋದವರಿಗೆ ಮೊಬೈಲಿನಲ್ಲೇ 'ಲಿಂಕ್ಡ್ ಡಿವೈಸಸ್' ತೆರೆದು ನೋಡೋದು ಕಲಿಸಿ. ಅಲ್ಲಿ ಗುರುತಿಲ್ಲದ ಹೆಸರು ಕಂಡರೆ ಮುಟ್ಟಿ ಲಾಗೌಟ್ ಮಾಡಿದರೆ ಸಾಕು.

ಈಗ ನಿಮ್ಮ ಮೊದಲ ಪ್ರಶ್ನೆ, ಇದು ಲೈಬ್ರರಿಯವರ ಕೆಲಸವಾ ಅನ್ನೋದು.

ಯಾರು ಯಾವ ಪುಸ್ತಕ ತಗೊಂಡು ಹೋದರು ಅನ್ನೋದು ನಿಮಗೆ ಗೊತ್ತು. ಸಕ್ಕರೆ ಕಾಯಿಲೆ ಪುಸ್ತಕ ಕೇಳಿದವರು ಯಾರು, ವಿಚ್ಛೇದನದ ಕಾನೂನು ಎಲ್ಲಿದೆ ಅಂತ ಮೆಲ್ಲಗೆ ವಿಚಾರಿಸಿದವರು ಯಾರು. ಅದನ್ನು ನೀವು ಟೀ ಅಂಗಡಿಯಲ್ಲಿ ಹೇಳೋದಿಲ್ಲ, ಅಲ್ವಾ? ಅಷ್ಟರಮಟ್ಟಿಗೆ ಈ ಕೆಲಸ ನೀವು ಮೊದಲಿನಿಂದ ಮಾಡುತ್ತಲೇ ಇದ್ದೀರಿ. ಅಮೆರಿಕದ ಗ್ರಂಥಾಲಯ ಸಂಘ ಇದನ್ನು 1939ರಲ್ಲೇ ತನ್ನ ನೀತಿ ಸಂಹಿತೆಯಲ್ಲಿ ಬರೆದುಕೊಂಡಿತು: ಓದುಗರಿಂದ ತಿಳಿದ ಖಾಸಗಿ ವಿಷಯವನ್ನು ಗ್ರಂಥಪಾಲಕರು ಹೊರಗೆ ಬಿಡಬಾರದು.

ಅಲ್ಲಿ ಇದು ಬರೀ ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. 2005ರಲ್ಲಿ ಕನೆಕ್ಟಿಕಟ್ ರಾಜ್ಯದ ಲೈಬ್ರರಿಗಳ ಒಕ್ಕೂಟವೊಂದಕ್ಕೆ ಅಲ್ಲಿಯ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನಿಂದ ಪತ್ರ ಬಂತು. ಕಂಪ್ಯೂಟರ್ ಬಳಸಿದವರ ವಿವರ ಕೊಡಿ, ಈ ಪತ್ರ ಬಂದದ್ದನ್ನೂ ಯಾರಿಗೂ ಹೇಳಬೇಡಿ ಅಂತ. ನಾಲ್ಕು ಜನ ಗ್ರಂಥಪಾಲಕರು ಕೋರ್ಟಿಗೆ ಹೋದರು. ಬಾಯಿ ಬಿಡುವಂತಿಲ್ಲವಾದ್ದರಿಂದ ತಮ್ಮದೇ ಕೇಸಿನಲ್ಲಿ ತಮ್ಮ ಹೆಸರನ್ನೂ ಹೇಳುವಂತಿರಲಿಲ್ಲ. 2006ರಲ್ಲಿ ಸರ್ಕಾರ ಆ ಬಾಯಿಕಟ್ಟು ಕೈಬಿಟ್ಟಿತು, ಆಮೇಲೆ ವಿವರ ಕೇಳುವುದನ್ನೂ ಬಿಟ್ಟಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಸರ್ಕಾರದ ಕಣ್ಗಾವಲಿನ ದಾಖಲೆಗಳನ್ನು ಹೊರಹಾಕಿದ ಮೇಲೆ, ಮ್ಯಾಸಚೂಸೆಟ್ಸ್‌ನ ಗ್ರಂಥಪಾಲಕಿ ಅಲಿಸನ್ ಮ್ಯಾಕ್ರಿನಾ ಲೈಬ್ರರಿಗಳಲ್ಲಿ ಪ್ರೈವಸಿ ಪಾಠ ಶುರು ಮಾಡಿದರು. ಅದೇ ಬೆಳೆದು ಲೈಬ್ರರಿ ಫ್ರೀಡಂ ಪ್ರಾಜೆಕ್ಟ್ ಆಯಿತು. 2015ರಲ್ಲಿ ಅವರ ಜೊತೆ ಸೇರಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲೆಬನಾನ್ ಎಂಬ ಸಣ್ಣ ಊರಿನ ಕಿಲ್ಟನ್ ಲೈಬ್ರರಿ, ಬಳಸುವವರ ಗುರುತು ಮರೆಸುವ ಟಾರ್ ಎಂಬ ಜಾಲಕ್ಕೆ ತನ್ನ ಇಂಟರ್ನೆಟ್‌ನ ಒಂದು ಪಾಲು ಕೊಟ್ಟಿತು. ಫೆಡರಲ್ ಸರ್ಕಾರದ ಭದ್ರತಾ ಇಲಾಖೆಯಿಂದ ಪೊಲೀಸರಿಗೆ ಸುದ್ದಿ ಮುಟ್ಟಿತು, ಪೊಲೀಸರು ಲೈಬ್ರರಿಯವರ ಜೊತೆ ಕೂತು ಮಾತಾಡಿದರು, ಅದು ನಿಂತಿತು. ಸೆಪ್ಟೆಂಬರಿನಲ್ಲಿ ಲೈಬ್ರರಿಯ ಮಂಡಳಿ ಸಭೆ ಸೇರಿ, ಊರಿನವರ ಮಾತು ಕೇಳಿ, ಮತ್ತೆ ಶುರು ಮಾಡಿತು.

ನನಗೆ ಈ ಕಥೆ ತುಂಬಾ ಇಷ್ಟ. ಆದರೂ ನಿಮ್ಮ ಕ್ಲಾಸಿಗೆ ಇದನ್ನು ತರಬೇಡಿ ಅನ್ನುತ್ತೇನೆ. ಅಲ್ಲಿಯ ಜನ ಬಚ್ಚಿಡಲು ಹೊರಟಿದ್ದು ಸರ್ಕಾರದಿಂದ, ದೊಡ್ಡ ಕಂಪನಿಗಳಿಂದ. ನಿಮ್ಮ ಮುಂದೆ ಚಾಪೆ ಮೇಲೆ ಕೂತವರಿಗೆ ತೊಂದರೆ ಬಹುಪಾಲು ಕೈಗೆಟುಕುವ ದೂರದಿಂದಲೇ ಬರುತ್ತದೆ. ಮಗ, ಗಂಡ, ಜೆರಾಕ್ಸ್ ಅಂಗಡಿ, ಸಾಲದ ಆ್ಯಪ್, ಫೋನ್ ಮಾಡುವ ಕಳ್ಳ. 'ಯಾರಿಂದ?' ಅಂತ ಕೇಳದೆ ಪ್ರೈವಸಿ ಕಲಿಸಲು ಹೋದರೆ ಪಾಠ ಅಮೆರಿಕದ್ದಾಗಿಬಿಡುತ್ತದೆ.

ಹಾಗಂತ ಸರ್ಕಾರದ ಪ್ರಶ್ನೆ ನಮ್ಮಲ್ಲಿಲ್ಲ ಅಂತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರಲ್ಲ, ಆ ಕೇಸಿನ ಅರ್ಜಿದಾರರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಕೋರ್ಟಿಗೆ ಹೋದವರು. 'ವಯಸ್ಸಾಯ್ತು, ನಮಗ್ಯಾಕೆ ಇದೆಲ್ಲ' ಅನ್ನುವ ಹಿರಿಯರಿಗೆ ಈ ಕಥೆ ಹೇಳಿ.

ಇನ್ನು ಮಾತಿನ ವಿಷಯ. 'ಗೌಪ್ಯತೆ' ಅಂತ ಬೋರ್ಡ್ ಮೇಲೆ ಬರೆಯಬೇಡಿ. ಆ ಪದ ಕೇಳಿದರೆ ಮಂತ್ರಿಗಳು ಪ್ರಮಾಣವಚನ ತಗೊಳ್ಳೋದು ನೆನಪಾಗುತ್ತದೆಯೇ ಹೊರತು ಮೊಬೈಲ್ ನೆನಪಾಗುವುದಿಲ್ಲ. ಬದಲು ಸಾಸಿವೆ ಡಬ್ಬಿಯ ಮಾತೆತ್ತಿ. ಹೆಂಗಸರು ನಗುತ್ತಾರೆ. ಗಂಡನಿಗೆ ಕಾಣದ ಹಾಗೆ ನಾಲ್ಕು ಕಾಸು ಎಲ್ಲಿಡಬೇಕು ಅಂತ ಅವರಿಗೆ ನಾವು ಹೇಳಿಕೊಡಬೇಕಾ? 'ನನ್ನ ಹತ್ರ ಮುಚ್ಚಿಡೋಕೆ ಏನಿದೆ' ಅಂತ ಅವರು ಯಾವತ್ತೂ ಅಂದವರಲ್ಲ. ಈಗ ದುಡ್ಡು ಡಬ್ಬಿಯಿಂದ ಫೋನಿಗೆ ಬಂದಿದೆ, ಅಷ್ಟೇ. ಗೃಹಲಕ್ಷ್ಮಿಯ 2000 ರೂಪಾಯಿ ಬೀಳೋದು ಅಮ್ಮನ ಖಾತೆಗೆ. ಖಾತೆಗೆ ಕೊಟ್ಟ ನಂಬರ್ ಮಗನದು. ಪಿನ್ ಗೊತ್ತಿರೋದೂ ಮಗನಿಗೇ. ಮೆಸೇಜ್ ಬಂದದ್ದು ಅಮ್ಮನಿಗೆ ಗೊತ್ತಾಗೋದು ಮಗ ಹೇಳಿದರೆ ಮಾತ್ರ.

ಇಲ್ಲಿ ನಿಧಾನವಾಗಿ ಹೋಗಿ. ಮಗ ಕಳ್ಳ ಅನ್ನುವ ಧ್ವನಿ ಬಂದರೆ ಕ್ಲಾಸು ಅಲ್ಲಿಗೆ ಮುಗೀತು. ಖಾತೆಗೆ ಯಾವ ನಂಬರ್ ಜೋಡಿಸಿದೆ ಅಂತ ಪಾಸ್‌ಬುಕ್ ಹಿಡಿದು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಲು ಹೇಳಿ. ಪಿನ್ ತಾವೇ ಒತ್ತೋದು ಕಲಿಸಿ. ಯುಪಿಐನಲ್ಲಿ ದುಡ್ಡು ಕಳಿಸೋಕೆ ಪಿನ್ ಬೇಕು, ದುಡ್ಡು ಬರೋಕೆ ಪಿನ್ ಬೇಡ. ಈ ಒಂದು ಸಾಲನ್ನು ಎಲ್ಲರ ಬಾಯಲ್ಲೂ ಹೇಳಿಸಿ. 'ನಿಮಗೆ ಬಹುಮಾನ ಬಂದಿದೆ, ಪಿನ್ ಒತ್ತಿ' ಅನ್ನುವವನ ಆಟ ಅಲ್ಲಿಗೇ ಬಂದ್ ಆಗುತ್ತದೆ.

ಜೆರಾಕ್ಸ್ ಅಂಗಡಿಯದು ಬೇರೆಯೇ ಸಂಗತಿ. 'ವಾಟ್ಸಾಪ್ ಮಾಡಿ ಸಾರ್, ಪ್ರಿಂಟ್ ಕೊಡ್ತೀನಿ' ಅನ್ನುತ್ತಾರೆ, ನಾವೂ ಕಳಿಸುತ್ತೇವೆ. ಒಂದು ಸಲ ನಾನು ಹಾಗೆ ಬಾಡಿಗೆ ಕರಾರು ಕಳಿಸಿ ಬಂದಿದ್ದೆ. ತಿಂಗಳ ಮೇಲೆ ಅದೇ ನಂಬರಿಂದ ನನಗೊಂದು ಫೈಲು ಬಂತು. ಯಾರದೋ ಮದುವೆ ನೋಂದಣಿ ಪತ್ರ. ಗಂಡು-ಹೆಣ್ಣಿನ ಫೋಟೊ, ವಿಳಾಸ, ಸಹಿ, ಸಾಕ್ಷಿಗಳ ವಿವರ ಎಲ್ಲ ಇತ್ತು. ತಪ್ಪಿ ಬಂದದ್ದು, ಪಾಪ ಅವರೇ ಫೋನ್ ಮಾಡಿ ಡಿಲೀಟ್ ಮಾಡಿ ಅಂದರು. ಡಿಲೀಟ್ ಮಾಡಿದೆ. ನನ್ನ ಕರಾರು ಯಾರಿಗೆ ಹೋಗಿದೆಯೋ ಅಂತ ಕೇಳಲು ಧೈರ್ಯ ಬರಲಿಲ್ಲ.

ಅದಕ್ಕೇ ಮಾಸ್ಕ್ ಮಾಡಿದ ಆಧಾರ್ ಕಲಿಸಿ. ಆಧಾರ್ ವೆಬ್‌ಸೈಟಿನಲ್ಲಿ ಡೌನ್‌ಲೋಡ್ ಮಾಡುವಾಗಲೇ ಆ ಆಯ್ಕೆ ಇದೆ. ಮೊದಲ ಎಂಟು ಅಂಕಿ ಮುಚ್ಚಿ, ಕೊನೆಯ ನಾಲ್ಕು ಮಾತ್ರ ತೋರಿಸುತ್ತದೆ. ಲಾಡ್ಜಿನಂಥ ಕಡೆ ಗುರುತಿಗೆ ಅಷ್ಟು ಸಾಕು.

ಬೆರಳಚ್ಚು ಲಾಕ್ ಮಾಡುವ ವಿಷಯದಲ್ಲಿ ಮಾತ್ರ ಹುಷಾರು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ದುಡ್ಡು ಎಗರಿಸಿದ ಪ್ರಕರಣಗಳು ಸುದ್ದಿಯಾದವು. ಓಟಿಪಿಯೇ ಬೇಡದ ಕಳ್ಳತನ ಅದು. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಹಾಕಿದರೆ ಈ ದಾರಿ ಮುಚ್ಚುತ್ತದೆ. ಆದರೆ ಲಾಕ್ ಹಾಕಿದವರು ಮರುದಿನ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅದೂ ಆಗುವುದಿಲ್ಲ. ಬಿಡಿಸೋಕೆ ಓಟಿಪಿ ಬೇಕು, ಓಟಿಪಿ ಬರೋದು ಆಧಾರಿಗೆ ಜೋಡಿಸಿದ ನಂಬರಿಗೆ, ಆ ಸಿಮ್ಮು ಎಂದೋ ಬಂದ್ ಆಗಿರಬಹುದು. ಲಾಕ್ ಹೇಗೆ ಹಾಕೋದು ಅಂತ ಹೇಳಿಕೊಡುವ ಅನೇಕರು ಈ ಮಾತು ಹೇಳುವುದೇ ಇಲ್ಲ. ನೀವು ಮೊದಲು ನಂಬರ್ ಸರಿ ಇದೆಯಾ ನೋಡಿಸಿ, ಬಿಡಿಸೋದು ಕಲಿಸಿ, ಆಮೇಲೆ ಲಾಕ್ ಹಾಕಿಸಿ.

ವಿಪಿಎನ್, ಟಾರ್, ಕುಕ್ಕಿ ಇದೆಲ್ಲ ಸದ್ಯಕ್ಕೆ ಬಿಡಿ. ಕೇಳಿದ ಹುಡುಗರಿಗೆ ಬೇರೆ ಕೂರಿಸಿ ಹೇಳಬಹುದು. ಒಂದು ದಿನಕ್ಕೆ ಒಂದೇ ವಿಷಯ, ಮುಕ್ಕಾಲು ಗಂಟೆ. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ 'ಡಿಜಿಟಲ್ ಅರೆಸ್ಟ್' ಅನ್ನುವ ಕಳ್ಳರ ಭಯ ಈಗ ಊರೂರಲ್ಲಿದೆ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ ಅಂತ ಗಟ್ಟಿಯಾಗಿ ಹೇಳಿ. ದುಡ್ಡು ಹೋಗಿಬಿಟ್ಟಿದ್ದರೆ ಕರೆ ಮಾಡಬೇಕಾದ ನಂಬರ್ 1930, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಈ ನಂಬರನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ನಿಮಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ 'ಗೊತ್ತಿಲ್ಲ, ಮುಂದಿನ ವಾರ ನೋಡಿ ಹೇಳ್ತೀನಿ' ಅನ್ನಿ. ಇಂಜಿನಿಯರಿಗಿಂತ ನಿಮ್ಮನ್ನು ಜಾಸ್ತಿ ನಂಬುತ್ತಾರೆ, ನೀವು ಅದೇ ಊರಲ್ಲಿ ಇರುವವರು.

ಕೊನೆಗೆ ಒಂದು ಕಿರಿಕಿರಿ ಮಾತು. ಬಾಗಿಲ ಹತ್ತಿರ ಮೇಜಿನ ಮೇಲೆ ಸಂದರ್ಶಕರ ಪುಸ್ತಕ ಇಟ್ಟಿರುತ್ತೀರಲ್ಲ, ಹೆಸರು, ಮೊಬೈಲ್ ನಂಬರ್, ಸಹಿ? ಕಾಲೇಜಿನಲ್ಲಿ ಓದುವ ಹುಡುಗಿ ಬಂದು ನಂಬರ್ ಬರೆದು ಒಳಗೆ ಹೋಗುತ್ತಾಳೆ. ಹಿಂದೆ ಬಂದವನಿಗೆ ಆ ನಂಬರ್ ಪುಕ್ಕಟೆ. ನಂಬರಿನ ಕಾಲಂ ನಿಜವಾಗಲೂ ಬೇಕಾ ಅಂತ ಮೇಲಿನವರನ್ನು ಕೇಳಿ ನೋಡಿ. ಬೇಕೇ ಬೇಕು ಅಂದರೆ ಮೇಲಿನ ಸಾಲುಗಳ ಮೇಲೆ ಒಂದು ರಟ್ಟು ಇಡಿ. ಕ್ಲಾಸಿನ ದಿನ ಫೋಟೊ ತೆಗೆದು ತಾಲ್ಲೂಕಿನ ವಾಟ್ಸಾಪ್ ಗ್ರೂಪಿಗೆ ಹಾಕದೆ ಇರೋಕಾಗಲ್ಲ, ಅದು ನನಗೂ ಗೊತ್ತು. ಹಿಂದಿನ ಸಾಲಿನಿಂದ ತೆಗೆಯಿರಿ. ಬೋರ್ಡು ಕಾಣಲಿ, 1930 ಕಾಣಲಿ, ಜನರ ಬೆನ್ನು ಕಾಣಲಿ.